ಮಾಸ್ತರು ಒರೆಸಿದ ಸಾಲು

ಎನಾಮೆಲ್ ಬಣ್ಣಕ್ಕೆ ಟರ್ಪೆಂಟೈನ್ ಹಾಕಿ ಕಲಸುವಾಗ ಒಂದು ವಾಸನೆ ಬರುತ್ತದೆ. ಮೊದಲು ಮೂಗಿಗೆ ಚುಚ್ಚುತ್ತದೆ, ಆಮೇಲೆ ಗಂಟಲಿಗೆ ಇಳಿದು ಅಲ್ಲೇ ಕೂರುತ್ತದೆ. ಮೊನ್ನೆ ಕಾಶಿಯ ಭೇಲೂಪುರದ ನಮ್ಮ ಬಾಡಿಗೆ ಮನೆಯ ಮುಂದೆ ಇಡೀ ಬೆಳಿಗ್ಗೆ ಆ ವಾಸನೆ ತುಂಬಿಕೊಂಡಿತ್ತು. ನನ್ನ ಮೊಮ್ಮಗಳು ವಕೀಲಳಾಗಿದ್ದಾಳೆ, ಅವಳ ಹೆಸರಿನ ಫಲಕ ಬರೆಸುತ್ತಿದ್ದೆವು. ಈ ಮಾತನ್ನು ನಾನು ಹಾಲಿನವನಿಗೆ ಹೇಳಿದ್ದೇನೆ, ಆಟೋದವನಿಗೆ ಹೇಳಿದ್ದೇನೆ, ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಕೆಮ್ಮುತ್ತ ಕೂತಿದ್ದ ಮುದುಕನಿಗೂ ಹೇಳಿದ್ದೇನೆ. ಈಗ ನಿಮಗೂ ಹೇಳುತ್ತಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಜೀವಮಾನವೆಲ್ಲ ಸೌಟು ತಿರುವಿದವನ ಮೊಮ್ಮಗಳು ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಾಳೆ ಎಂದರೆ ಅದೇನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸುದ್ದಿಯೇ? ಮೊದಲ ದಿನ ಅವಳು ಆ ಕೋಟಿನಲ್ಲೇ ನನ್ನ ಕಾಲಿಗೆ ಬಾಗಿದಾಗ, ಅವಳನ್ನು ಎತ್ತಲು ಹೋಗಿ ನಾನೇ ನೆಲಕ್ಕೆ ಕೂತುಬಿಟ್ಟೆ.

ಫಲಕ ಬರೆಯುವವನು ಕುಂಚ ಅದ್ದಿಕೊಂಡು, ತಲೆಯ ಮೇಲೆ ಏನು ಹಾಕಲಿ ಬಾಬಾ, ಓಂ ಹಾಕಲೋ, ಗಣೇಶನ ಹೆಸರು ಹಾಕಲೋ ಎಂದು ಹಿಂದಿಯಲ್ಲಿ ಕೇಳಿದ. ಸಾದಾ ಪ್ರಶ್ನೆ. ದಿನಕ್ಕೆ ಹತ್ತು ಜನರನ್ನು ಕೇಳುತ್ತಿರಬೇಕು. ನಾನು ಅವನ ಬಣ್ಣದ ಡಬ್ಬಿಯನ್ನೇ ನೋಡುತ್ತ ನಿಂತೆ. ಕೊನೆಗೆ ಮೊಮ್ಮಗಳೇ ಒಳಗಿನಿಂದ, ಬರೇ ಹೆಸರು ಸಾಕು ಭೈಯಾ ಎಂದಳು, ಅವನು ಹಾಗೇ ಬರೆದು ತೂಗುಹಾಕಿ ಹೋದ. ಎಲ್ಲರೂ ಪೇಡೆ ತಿಂದರು. ನಾನು ಮಾತ್ರ ಆ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಮೂವತ್ತು ವರ್ಷಕ್ಕೂ ಹಿಂದೆ ಇದೇ ವಾಸನೆಯ ನಡುವೆ ನಿಂತು ನಾನು ಕಳೆದುಕೊಂಡ ಒಬ್ಬರು ನೆನಪಾಗಿದ್ದರು. ಕಳೆದುಕೊಂಡೆ ಎನ್ನುವುದೂ ಸರಿಯಲ್ಲ... ನಾನೇ ಬಿಟ್ಟುಕೊಟ್ಟೆ.

ಆಗ ನಾನು ದಶಾಶ್ವಮೇಧ ಘಾಟಿನ ಹಿಂದಿನ ಓಣಿಯಲ್ಲಿ, ನಮ್ಮ ಕಡೆಯ ಯಾತ್ರಿಕರಿಗಾಗಿ ಇದ್ದ ಒಂದು ಸಣ್ಣ ಛತ್ರದಲ್ಲಿ ಅಡುಗೆಯವನಾಗಿದ್ದೆ. ಈಗ ಆ ಕಟ್ಟಡವೂ ಇಲ್ಲ, ಆ ಓಣಿಯೂ ಮೊದಲಿನ ಹಾಗಿಲ್ಲ. ಕೆಳಗೆ ಅಡುಗೆಮನೆ, ಪಂಕ್ತಿಯ ಹಜಾರ. ಮೇಲೆ ಹನ್ನೆರಡು ಕೋಣೆ, ಒಂದು ದೊಡ್ಡ ಪಡಸಾಲೆ. ಹಿತ್ತಿಲಿನ ಒಂದೇ ಕೋಣೆಯಲ್ಲಿ ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗ.

ಆ ಛತ್ರದಲ್ಲಿ ಒಂದು ಪದ್ಧತಿ ಇತ್ತು. ಯಾವ ಕಾಗದವೇ ಆಗಲಿ, ತಲೆಯ ಮೇಲೆ ‘ಶ್ರೀ ವಿಶ್ವನಾಥ ಪ್ರಸನ್ನ’ ಎಂದು ಬರೆಯದೆ ಎರಡನೇ ಸಾಲು ಬರೆಯುವ ಹಾಗಿಲ್ಲ. ನಮ್ಮ ಕಡೆ ಲಗ್ನಪತ್ರಿಕೆಗೆ, ಊರಿಗೆ ಬರೆಯುವ ಕಾಗದಕ್ಕೆ ಮನೆದೇವರ ಹೆಸರು ಹಾಕಿ ಪ್ರಸನ್ನ ಎಂದು ಬರೆಯುವುದಿಲ್ಲವೇ, ಹಾಗೆ. ಕೋಣೆ ಕೊಡುವ ಪುಸ್ತಕಕ್ಕೆ ಅದು ಬೇಕು, ಧೋಬಿಯ ಚೀಟಿಗೆ ಬೇಕು. ‘ನಲ್ಲಿ ಕೆಟ್ಟಿದೆ’ ಎಂದು ಬಚ್ಚಲ ಬಾಗಿಲಿಗೆ ಅಂಟಿಸುವ ಕಾಗದದ ಮೇಲೂ ವಿಶ್ವನಾಥ ಪ್ರಸನ್ನನಾಗಿರುತ್ತಿದ್ದ. ದಿನಸಿ ಪಟ್ಟಿ ಬರೆಯುವುದು ನನ್ನ ಕೆಲಸ. ಬೇಳೆ, ಮೆಣಸಿನಕಾಯಿ ಎಂದು ಬರೆಯುವಾಗ ನನ್ನ ಅಕ್ಷರ ದಾರಿ ತಪ್ಪಿದ ಇರುವೆಗಳ ಹಾಗೆ ಓಡುತ್ತಿದ್ದವು. ಮೊದಲ ಸಾಲು ಮಾತ್ರ ಮುತ್ತು. ಬರೆದು ಬರೆದು ಕೈ ಕೂತಿತ್ತು. ಶ್ರೀಯ ಬಾಲವನ್ನು ಉದ್ದ ಎಳೆದು ಹಾವಿನ ಹೆಡೆಯ ಹಾಗೆ ಎತ್ತಿಬಿಡುತ್ತಿದ್ದೆ. ಓದು ಬರಹ ಎಂದು ನನ್ನ ಹತ್ತಿರ ತೋರಿಸಿಕೊಳ್ಳಲಿಕ್ಕೆ ಇದ್ದದ್ದು ಅದೊಂದೇ.

ಮಾಸ್ತರು ಮಹಡಿಯ ಮೂಲೆಯ ಕೋಣೆಯಲ್ಲಿದ್ದರು. ಧಾರವಾಡದ ಕಡೆಯ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು. ಹೆಂಡತಿಯ ಅಸ್ಥಿ ಬಿಡಲಿಕ್ಕೆ ಕಾಶಿಗೆ ಬಂದು, ಮೂರು ದಿನಕ್ಕೆಂದು ಕೋಣೆ ಹಿಡಿದು, ಆರು ವರ್ಷ ಉಳಿದರು. ಮಕ್ಕಳಿರಲಿಲ್ಲ. ಬೆಳಿಗ್ಗೆ ಎದ್ದು ಗಂಗೆಯಲ್ಲಿ ಮುಳುಗುವರು, ಒದ್ದೆ ಪಂಚೆಯಲ್ಲೇ ವಿಶ್ವನಾಥನ ದರ್ಶನಕ್ಕೆ ಹೋಗುವರು, ಬಂದು ಅಂಗೈಯಷ್ಟು ಸಣ್ಣ ಲಿಂಗವನ್ನು ಮುಂದೆ ಇಟ್ಟುಕೊಂಡು ಗಂಟೆ ಹೊತ್ತು ಪೂಜೆಗೆ ಕೂರುವರು. ಆ ಛತ್ರದಲ್ಲಿ ದೇವರನ್ನು ಅವರಷ್ಟು ಹಚ್ಚಿಕೊಂಡವರು ಇನ್ನೊಬ್ಬರಿರಲಿಲ್ಲ. ಇದನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಯಾಕೆಂದರೆ ಆಮೇಲೆ ಅಲ್ಲಿ ಯಾರೂ ಇಟ್ಟುಕೊಳ್ಳಲಿಲ್ಲ.

ಪೂಜೆ ಮುಗಿಸಿ ಅಡುಗೆಮನೆಗೆ ಬಂದು ಒಲೆಯ ಹತ್ತಿರ ಮಣೆ ಎಳೆದುಕೊಂಡು ಕೂರುವರು. ಸುಮ್ಮನೆ ಕೂರುವ ಜಾಯಮಾನ ಅವರದ್ದಲ್ಲ, ಕಾಯಿಪಲ್ಲೆ ಹೆಚ್ಚಿಕೊಡುವರು. ಹೆಚ್ಚುತ್ತ ಹೆಚ್ಚುತ್ತ ನನಗೆ ಓದಲು ಕಲಿಸಿದರು. ಕನ್ನಡದ ಪುಸ್ತಕ ಅಲ್ಲಿ ಎಲ್ಲಿಂದ ಬರಬೇಕು? ಯಾತ್ರಿಕರು ರೊಟ್ಟಿ ಬುತ್ತಿ ಸುತ್ತಿ ತಂದ ಪೇಪರಿನ ಚೂರುಗಳೇ ನನ್ನ ಪಾಠ. ಎಣ್ಣೆ ಹೀರಿದ ಆ ಕಾಗದದಲ್ಲಿ ಆ ಬದಿಯ ಅಕ್ಷರ ಈ ಬದಿಗೆ ಕಾಣುತ್ತಿತ್ತು. ಕಳ್ಳ ಸಿಕ್ಕನೋ ಇಲ್ಲವೋ ಎಂಬ ಸಂಗತಿ ಯಾವಾಗಲೂ ಹರಿದ ತುಂಡಿನಲ್ಲೇ ಹೋಗಿರುತ್ತಿತ್ತು. ಮಾಸ್ತರು ನಗುತ್ತ, ಮುಂದಿನ ಬುತ್ತಿ ಬರಲಿ, ಸಿಗುತ್ತಾನೆ ಎನ್ನುವರು. ಎರಡು ವರ್ಷದಲ್ಲಿ ನಾನು ತಡವರಿಸದೆ ಓದುವ ಹಾಗಾದೆ. ಈ ನಾಲ್ಕು ಪುಟ ಬರೆಯುತ್ತಿರುವುದೂ ಅವರು ಹಾಕಿದ ಅಕ್ಷರದಿಂದಲೇ.

ಭಾನುವಾರ ಬೆಳಿಗ್ಗೆ ಮಹಡಿಯ ಪಡಸಾಲೆಯಲ್ಲಿ ಅವರು ಕನ್ನಡದ ಕ್ಲಾಸು ನಡೆಸುತ್ತಿದ್ದರು. ಇಲ್ಲಿ ಹುಟ್ಟಿದ ಮಕ್ಕಳ ಬಾಯಲ್ಲಿ ಬರೇ ಹಿಂದಿ. ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲಿಕ್ಕೆ ಬಾರದು. ಯೂನಿವರ್ಸಿಟಿಯ ಡಾಕ್ಟರುಗಳ, ಪ್ರೊಫೆಸರುಗಳ ಮಕ್ಕಳು ಬರುತ್ತಿದ್ದರು, ಮಂಗಳೂರಿನ ಕ್ರಿಸ್ತಾನ ನರ್ಸಮ್ಮನ ಇಬ್ಬರು ಬರುತ್ತಿದ್ದರು, ನನ್ನ ಮಗನಿದ್ದ. ಸಾರನಾಥದಿಂದ ಒಬ್ಬ ಹುಡುಗಿ ಅಪ್ಪನ ಜೊತೆ ಬಸ್ಸು ಹತ್ತಿ ಬರುತ್ತಿದ್ದಳು. ಅಪ್ಪ ಕಲಬುರಗಿ ಕಡೆಯವನು, ಅಲ್ಲಿಯ ಬೌದ್ಧರ ವಿಹಾರದಲ್ಲಿ ತೋಟದ ಕೆಲಸ. ಅವರ ಮನೆಯವರೂ ಬೌದ್ಧರು. ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು ಅವಳೇ.

ಕ್ಲಾಸಿನಲ್ಲಿ ಅಕ್ಷರ ಸಾಕಾದ ಮೇಲೆ ಮಾಸ್ತರು ಕಥೆ ಹೇಳುವರು. ಒಂದು ಭಾನುವಾರ, ನಾನು ಮಕ್ಕಳಿಗೆ ಅವಲಕ್ಕಿ ತೆಗೆದುಕೊಂಡು ಮೇಲೆ ಹೋದಾಗ, ದೇಶ ಕಟ್ಟಿದ ಕಥೆ ನಡೆದಿತ್ತು. ಬ್ರಿಟಿಷರು ಹೋದ ಮೇಲೆ ಈ ದೇಶ ಹೇಗೆ ನಡೆಯಬೇಕು ಎಂದು ದೊಡ್ಡವರೆಲ್ಲ ದೆಹಲಿಯಲ್ಲಿ ಕೂತು ವರ್ಷಗಟ್ಟಲೆ ಮಾತಾಡಿ ಸಂವಿಧಾನ ಬರೆದರಂತೆ. ಕೊನೆಗೆ ಅದರ ಮೊದಲ ಮಾತು ಏನಿರಬೇಕು ಎಂದು ಬಂದಾಗ ಒಬ್ಬರು ಎದ್ದು, ದೇವರ ಹೆಸರಿನಲ್ಲಿ ಎಂದು ಶುರುಮಾಡೋಣ ಎಂದರಂತೆ. ಮತ್ತೊಬ್ಬರು, ದೇವರು ಅವರವರ ಮನಸ್ಸಿಗೆ ಬಿಟ್ಟ ಸಂಗತಿ, ನಂಬದವನ ಬಾಯಲ್ಲೂ ಅದನ್ನು ಹೇಳಿಸುವುದು ಸರಿಯಲ್ಲ ಎಂದರಂತೆ. ಒಬ್ಬ ಹೆಣ್ಣುಮಗಳು ಎದ್ದು, ದಯಮಾಡಿ ದೇವರನ್ನು ಓಟಿಗೆ ಹಾಕುವ ಹೊತ್ತು ನಮಗೆ ತರಬೇಡಿ ಎಂದು ಕೇಳಿಕೊಂಡರಂತೆ. ಹಟ ಬಿಡಲಿಲ್ಲ, ಓಟಿಗೆ ಹಾಕಿದರಂತೆ. ಬೇಡ ಎಂದವರೇ ಹೆಚ್ಚಾದರು.

ಮಕ್ಕಳಿಗೆ ಇದು ಭಾರಿ ತಮಾಷೆ ಎನಿಸಿತು. ನನ್ನ ಮಗ, ಹಾಗಾದರೆ ದೇವರು ಚುನಾವಿನಲ್ಲಿ ಸೋತನೇ ಎಂದು ಕೇಳಿದ. ಚುನಾವ್ ಎಂಬ ಹಿಂದಿ ಮಾತಿಗೆ ಮಾಸ್ತರು ಮೊದಲು ಚುನಾವಣೆ ಎಂದು ತಿದ್ದಿದರು. ಆಮೇಲೆ ಹೇಳಿದರು: ಅಲ್ಲಿ ಕೂತು ಬೇಡ ಎಂದವರಲ್ಲಿ ದಿನಾ ಪೂಜೆ ಮಾಡುವವರೂ ಇದ್ದರು. ಅವರು ದೇವರನ್ನು ಬೇಡ ಎನ್ನಲಿಲ್ಲ. ಈ ಪುಸ್ತಕ ಓದಲಿಕ್ಕೆ ಬರುವ ಯಾರಿಗೂ, ಇದು ನನ್ನದಲ್ಲವೇನೋ ಎಂದು ಬಾಗಿಲಲ್ಲೇ ನಿಲ್ಲುವ ಹಾಗೆ ಆಗಬಾರದು ಎಂದರು. ಅದಕ್ಕೇ ಅದು ‘ಭಾರತದ ಪ್ರಜೆಗಳಾದ ನಾವು’ ಎಂದು ಶುರುವಾಗುತ್ತದೆ.

ಅವಲಕ್ಕಿಯ ಪಾತ್ರೆ ಹಿಡಿದು ನಿಂತಿದ್ದ ನನಗೆ ಇದು ಒಪ್ಪಲಿಲ್ಲ. ಮಾರನೆಯ ದಿನ ಒಲೆಯ ಮುಂದೆ ಕೇಳಿಯೇಬಿಟ್ಟೆ.

“ಮಾಸ್ತರ್ರ, ದೇವರ ಹೆಸರಿಲ್ಲದ ಒಂದು ದಿನಸಿ ಪಟ್ಟಿನೂ ನಾವು ಬರ್ಯೂದಿಲ್ಲ. ಅಷ್ಟು ದೊಡ್ಡ ಪುಸ್ತಕ ಹಂಗ ಬರದ್ರ ನಿಂತೀತೇನ್ರಿ?”

“ನಿಂತದಲ್ಲೋ ತಮ್ಮಾ. ನೀ ಅದರಾಗ ಕುಂತು ಬದನಿಕಾಯಿ ಹುರ್ಯಾಕತ್ತಿ.”

ನಕ್ಕೆವು. ಬದನೆಕಾಯಿ ಸೀದಿತ್ತು. ಮಾತು ಅಲ್ಲಿಗೆ ನಿಂತಿತು. ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಕೈಯವರೆಗೆ ಇಳಿದಿರಲಿಲ್ಲ.

ಆ ಚಳಿಗಾಲದಲ್ಲಿ ಮಾಸ್ತರು ಒಂದು ಹಲಗೆ ತರಿಸಿದರು. ಬಾಗಿಲಿನಷ್ಟು ಅಗಲ. ಕಪ್ಪು ಬಣ್ಣ ಬಳಿದು ಒಣಗಿಸಿ, ಸಂವಿಧಾನದ ಆ ಮೊದಲ ಪುಟವನ್ನು ಬಿಳಿ ಎನಾಮೆಲ್ಲಿನಲ್ಲಿ ಕನ್ನಡದಲ್ಲಿ ಬರೆಯತೊಡಗಿದರು. ಜನವರಿ ಇಪ್ಪತ್ತಾರಕ್ಕೆ ಮಕ್ಕಳು ಅದನ್ನು ಒಬ್ಬೊಬ್ಬರು ಒಂದೊಂದು ಸಾಲು ಓದಬೇಕು ಎಂದು ಅವರ ಆಸೆ. ದಿನಕ್ಕೆ ಒಂದೂವರೆ ಸಾಲು, ಅಷ್ಟೇ. ಕೈ ಸ್ವಲ್ಪ ನಡುಗುತ್ತಿತ್ತು, ಎಡಗೈಯಿಂದ ಬಲಗೈ ಹಿಡಿದುಕೊಂಡು ಬರೆಯುವರು. ನಾನು ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದೆ. ಅದನ್ನು ನೋಡಿ ನೋಡಿ ಇಡೀ ಪುಟ ನನಗೆ ಬಾಯಿಪಾಠವಾಯಿತು. ಸಾರನಾಥದ ಹುಡುಗಿ ಮೊದಲ ಸಾಲು ಓದಬೇಕು ಎಂದು ಗೊತ್ತುಮಾಡಿದರು.

ಇಪ್ಪತ್ತೈದರ ಬೆಳಿಗ್ಗೆ ಬರೆದು ಮುಗಿಯಿತು. ಮಧ್ಯಾಹ್ನ ಮಾಸ್ತರು ಮಕ್ಕಳಿಗೆ ಬಾವುಟ ತರಲು ಹೊರಗೆ ಹೋದರು. ಅವತ್ತೇ ಛತ್ರದ ಯಜಮಾನರು ಊರಿನಿಂದ ಬಂದಿಳಿದಿದ್ದರು; ವರ್ಷಕ್ಕೊಮ್ಮೆ ಯಾತ್ರಿಕರ ದೊಡ್ಡ ತಂಡದ ಜೊತೆ ಬರುವವರು. ನಾನು ಪಡಸಾಲೆ ಗುಡಿಸಲು ಹೋದೆ. ಹಲಗೆ ಗೋಡೆಗೆ ಒರಗಿ ನಿಂತಿತ್ತು. ತಲೆಯ ಮೇಲೆ ಒಂದು ಗೇಣು ಜಾಗ ಖಾಲಿ.

ನನಗೆ ಏನನ್ನಿಸಿತು ಎಂಬುದನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ದೆಹಲಿಯ ಪುಸ್ತಕದಲ್ಲಿ ದೇವರ ಹೆಸರು ಇಲ್ಲದಿದ್ದರೆ ಇಲ್ಲ, ಆದರೆ ಈ ಹಲಗೆ ಛತ್ರದ್ದು, ಛತ್ರದ ಪದ್ಧತಿ ಬೇರೆ ಎಂದುಕೊಂಡೆ. ನಾಳೆ ಯಜಮಾನರು ನೋಡಿ ಮಾಸ್ತರಿಗೆ ಏನಾದರೂ ಅಂದಾರು ಎಂದೂ ಅನ್ನಿಸಿತು. ಇದು ನಿಜ. ಆದರೆ ಇನ್ನೊಂದೂ ಇತ್ತು, ಅದನ್ನು ಹೇಳಲಿಕ್ಕೆ ಈಗ ನಾಚಿಕೆ. ಅಷ್ಟು ಚೆಂದದ ಹಲಗೆಯ ಮೇಲೆ ನನ್ನ ಕೈಯ ಒಂದು ಸಾಲು ಇರಲಿ, ಡಾಕ್ಟರುಗಳು ಪ್ರೊಫೆಸರುಗಳು ಅದನ್ನು ನೋಡಲಿ ಎಂದು ಆಸೆಯಾಯಿತು. ಡಬ್ಬಿ ತೆರೆದೆ. ‘ಶ್ರೀ ವಿಶ್ವನಾಥ ಪ್ರಸನ್ನ’ ಎಂದು ಬರೆದೆ. ಅಷ್ಟು ಒಳ್ಳೆಯದಾಗಿ ಅದಕ್ಕೆ ಮೊದಲೂ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ. ಹಸಿ ಬಣ್ಣಕ್ಕೆ ತಾಗದ ಹಾಗೆ ಮೇಲೆ ಬಟ್ಟೆ ಇಳಿಬಿಟ್ಟು, ಮಾಸ್ತರಿಗೆ ನಾಳೆ ಖುಷಿಯಾಗುತ್ತದೆ ಎಂದುಕೊಂಡು ಕೆಳಗೆ ಹೋದೆ.

ಬೆಳಿಗ್ಗೆ ಗಂಗೆಯ ಮೇಲಿನ ಮಂಜು ಓಣಿಯವರೆಗೂ ಬಂದಿತ್ತು. ಆ ಥಂಡಿಯಲ್ಲಿ ಬಣ್ಣ ಒಣಗಿರಲಿಲ್ಲ. ಪಡಸಾಲೆಯಲ್ಲಿ ಮಕ್ಕಳು, ತಂದೆತಾಯಿಯರು, ಮುಂದೆ ಕುರ್ಚಿಯಲ್ಲಿ ಯಜಮಾನರು, ಹಿಂದೆ ದರ್ಶನ ಮುಗಿಸಿ ಬಂದ ಯಾತ್ರಿಕರು. ನಾನು ಶಿರಾ ತಟ್ಟೆ ಹಿಡಿದು ಮೆಟ್ಟಿಲ ಹತ್ತಿರ. ಮಗನೇ ಬಟ್ಟೆ ಎಳೆದ. ಮೊದಲ ಸಾಲು ನೋಡಿ ಯಾತ್ರಿಕರಲ್ಲಿ ಎಷ್ಟೋ ಜನ ಕೈ ಮುಗಿದರು. ನನಗೆ ಎದೆ ಉಬ್ಬಿತು.

ಸಾರನಾಥದ ಹುಡುಗಿ ಎದ್ದು ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ‘ಭಾರತದ ಪ್ರಜೆಗಳಾದ ನಾವು’ ಎಂದು ಶುರುಮಾಡಲು ತಿಂಗಳಿಂದ ಬಾಯಿಪಾಠ ಮಾಡಿದ್ದಳು. ಹಲಗೆ ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಮಾಸ್ತರ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು.

“ಸರ, ಈ ಮ್ಯಾಲಿನ ಸಾಲ ನಾನೂ ಓದಬೇಕೇನ್ರಿ? ನಮ್ಮ ಮನ್ಯಾಗ ಇವರು ಇಲ್ರಿ.”

ಅಲ್ಲಿಯವರೆಗೆ ಮಕ್ಕಳ ಸಾಲು ಸರಿಮಾಡುತ್ತಿದ್ದ ಮಾಸ್ತರು ಆಗ ಹಲಗೆಯ ಕಡೆ ತಿರುಗಿದರು. ನೋಡಿದರು. ಆಮೇಲೆ ಇಡೀ ಪಡಸಾಲೆ ದಾಟಿ ನೇರ ನನ್ನನ್ನು ನೋಡಿದರು. ಆ ಶ್ರೀಯ ಹೆಡೆ ಅವರಿಗೆ ಗೊತ್ತಿಲ್ಲದ್ದೇ? ಹುಡುಗಿಯ ತಲೆಯ ಮೇಲೆ ಕೈ ಇಟ್ಟು, ಇಲ್ಲವ್ವಾ, ನೀನು ಓದುವುದು ‘ಭಾರತದ ಪ್ರಜೆಗಳಾದ ನಾವು’ ಎನ್ನುವಲ್ಲಿಂದಲೇ ಎಂದರು. ಕಿಟಕಿಯಲ್ಲಿದ್ದ ಬಣ್ಣದ ಅರಿವೆ ತೆಗೆದುಕೊಂಡರು, ಟರ್ಪೆಂಟೈನ್ ಸುರುವಿದರು, ಆ ಸಾಲನ್ನು ಒರೆಸಿದರು. ಹಸಿ ಬಣ್ಣ ಹರಡಿ ಮೇಲೆಲ್ಲ ಬೆಳ್ಳಗಾಯಿತು, ಪಡಸಾಲೆ ತುಂಬ ಆ ವಾಸನೆ.

“ಏನ್ ಮಾಡಾಕತ್ತೀರಿ ಮಾಸ್ತರ?” ಯಜಮಾನರು ಎದ್ದು ನಿಂತಿದ್ದರು.

“ಒಂದು ತಪ್ಪ ಆಗಿತ್ರಿ, ತಿದ್ದಾಕತ್ತೀನಿ.”

“ಕಾಶ್ಯಾಗ ಕುಂತು ವಿಶ್ವನಾಥನ ಹೆಸರು ತಪ್ಪಂತೀರಾ?”

ಆಮೇಲೆ ಎಲ್ಲ ಒಟ್ಟಿಗೆ ಎದ್ದರು. ಆ ವರ್ಷಗಳಲ್ಲಿ ಊರಿನ ಗಾಳಿಯೇ ಬಿಸಿಯಾಗಿತ್ತು, ಗೋಡೆ ಗೋಡೆಗೆ ಘೋಷಣೆ, ಎರಡು ದಿನಕ್ಕೊಂದು ಮೆರವಣಿಗೆ. ಮಾಸ್ತರು ಏನೋ ಹೇಳುತ್ತಿದ್ದರು, ಯಾರಿಗೂ ಕೇಳಿಸಲಿಲ್ಲ. ಮಕ್ಕಳು ಅಳತೊಡಗಿದರು. ಸಾರನಾಥದವನು ಮಗಳ ಕೈ ಹಿಡಿದು, ಚಪ್ಪಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಇಳಿದು ಹೋದ. ನನ್ನ ಪಕ್ಕದಲ್ಲೇ ಹೋದ... ಶಿರಾ ತಗೋ ಎಂದೂ ನಾನು ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಛತ್ರದ ಮಾಸ್ತರು ವಿಶ್ವನಾಥನ ಹೆಸರೇ ತಪ್ಪು ಎಂದು ಒರೆಸಿಹಾಕಿದರಂತೆ ಎಂಬ ಮಾತು ಘಾಟಿನಲ್ಲಿ ಪೂಜೆ ಮಾಡಿಸುವ ಪಂಡಾಗಳವರೆಗೂ ಮುಟ್ಟಿತ್ತು.

ಊಟವಾದ ಮೇಲೆ ಯಜಮಾನರು ಆಫೀಸಿನ ಕೋಣೆಯಲ್ಲಿ ವಿಚಾರಣೆಗೆ ಕೂತರು. ಅವರೇನು ಕೆಟ್ಟ ಮನುಷ್ಯರಲ್ಲ. ಹೆದರಿದ್ದರು, ಛತ್ರಕ್ಕೆ ಕಲ್ಲು ಬಿದ್ದೀತೆಂದು. ಆ ಸಾಲು ಬರೆದವರು ಯಾರು ಎಂಬುದೇ ಈಗ ಪ್ರಶ್ನೆ. ಅಡುಗೆಯವನು ತಿಳಿಯದೆ ಬರೆದ, ಮಾಸ್ತರು ತಮ್ಮ ಹಲಗೆ ತಾವು ತಿದ್ದಿದರು ಎಂದಾಗಿದ್ದರೆ ಯಾತ್ರಿಕರಿಗೆ ಹೇಳಲು ಒಂದು ಉತ್ತರ ಇರುತ್ತಿತ್ತು. ನನಗೆ ನಾಲ್ಕು ಬೈಗುಳ ಬೀಳುತ್ತಿತ್ತು, ಬಹಳವೆಂದರೆ ಕೆಲಸ ಹೋಗುತ್ತಿತ್ತು. ಮಾಸ್ತರು, ನಾನು ಬರೆದಿಲ್ಲ ಎಂದರು. ಯಾರು ಬರೆದರು ಎಂದದ್ದಕ್ಕೆ ಸುಮ್ಮನಾದರು. ಹಾಗಾದರೆ ನೀವೇ ಬರೆದು, ಜನರ ಮುಂದೆ ನೀವೇ ಒರೆಸಿದಿರಿ, ಇದು ಬೇಕೆಂದೇ ಮಾಡಿದ ನಾಟಕ ಎಂದರು ಯಜಮಾನರು. ನಾನು ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಆಗ ನನ್ನನ್ನು ಕರೆಸಿದರು.

ಬೂದಿ ಹಚ್ಚಿ ಎಷ್ಟು ತಿಕ್ಕಿದರೂ ನನ್ನ ಉಗುರಿನ ಸಂದಿಯ ಬಿಳಿ ಬಣ್ಣ ಹೋಗಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಮಾಸ್ತರು ಚಾಪೆಯ ಮೇಲೆ ಕೂತಿದ್ದರು, ನನಗಿಂತ ಕೆಳಗೆ. ಅವರು ಕೂತಲ್ಲಿಂದ ನನ್ನ ಕೈ ಕಾಣುತ್ತಿತ್ತು.

“ನೀ ನಿನ್ನೆ ಪಡಸಾಲಿ ಗುಡಿಸೀದಿ. ಆ ಸಾಲ ಯಾರು ಬರದ್ರು?”

“ನನಗೇನೂ ಗೊತ್ತಿಲ್ರಿ ಧಣಿ.”

ಇಷ್ಟೇ ಮಾತು. ಹಿತ್ತಿಲ ಕೋಣೆ, ಹೆಂಡತಿ, ಮಗ ಎಲ್ಲ ಕಣ್ಣಮುಂದೆ ಬಂದವು ಎಂದು ಹೇಳಬಹುದು, ಬಂದದ್ದೂ ಹೌದು. ಆದರೆ ಅವರೆಲ್ಲ ಬರುವುದಕ್ಕೆ ಮೊದಲೇ ನಾಲಿಗೆ ಆ ಮಾತು ಆಡಿ ಮುಗಿಸಿತ್ತು. ಮಾಸ್ತರು ನನ್ನನ್ನು ನೋಡಲಿಲ್ಲ. ತಮ್ಮ ಪಂಚೆಯ ಅಂಚಿಗೆ ಹತ್ತಿದ್ದ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದರು.

ಕ್ಲಾಸು ನಿಲ್ಲಿಸಬೇಕು, ಮೂರು ದಿನದಲ್ಲಿ ಕೋಣೆ ಬಿಡಬೇಕು ಎಂದಾಯಿತು.

ಆ ಮೂರು ದಿನ ಅವರು ಅಡುಗೆಮನೆಗೆ ಬರಲಿಲ್ಲ. ಪಂಕ್ತಿಯಲ್ಲಿ ಅವರ ಆಚೆ ಈಚೆ ಯಾರೂ ಕೂರಲಿಲ್ಲ. ಬಡಿಸಲು ಹೋದಾಗ ನನಗೆ ತಟ್ಟೆ ಮಾತ್ರ ಕಾಣುತ್ತಿತ್ತು, ಮುಖ ನೋಡುವ ಧೈರ್ಯವಿರಲಿಲ್ಲ. ಪೂಜೆ ಮಾತ್ರ ಎಂದಿನ ಹಾಗೆ ನಡೆದಿತ್ತು. ಮೇಲಿನಿಂದ ಗಂಟೆಯ ಶಬ್ದ ಕೇಳುತ್ತಿತ್ತು. ದೇವರಿಲ್ಲದವ ಎಂದು ಜನ ಕರೆಯುತ್ತಿದ್ದ ಮನುಷ್ಯ ಮೇಲೆ ದೇವರ ಮುಂದೆ ಕೂತಿದ್ದರು. ದೇವರ ಹೆಸರು ಬರೆದ ನಾನು ಕೆಳಗೆ...

ಹೊರಟ ದಿನ ರೈಲಿಗೆಂದು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಸೈಕಲ್ ರಿಕ್ಷಾದವರೆಗೆ ಟ್ರಂಕು ಹೊತ್ತೆ. ಓಣಿಯ ತಿರುವಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಏನಾದರೂ ಬೈಯಲಿ ಎಂದು ಕಾದೆ. ರಿಕ್ಷಾ ಹತ್ತಿ ಕೂತು, ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಹೇಳಿದ್ದು ಇಷ್ಟೇ.

“ಅಕ್ಷರ ಭಾಳ ಛಂದ ಬಂದಿದ್ವು ತಮ್ಮಾ. ಜಾಗಾ ಅಷ್ಟ ತಪ್ಪಿತ್ತು.”

ನಾನು ಅವರ ಕಾಲು ಮುಟ್ಟಬೇಕಿತ್ತು. ಬಾಗುವಷ್ಟರಲ್ಲಿ ರಿಕ್ಷಾ ಹೊರಟಿತ್ತು. ಓಡಿದ್ದರೆ ಸಿಗುತ್ತಿತ್ತು, ಜನರ ನಡುವೆ ಆ ರಿಕ್ಷಾ ನಡೆಯುವ ವೇಗದಲ್ಲೇ ಹೋಗುತ್ತಿತ್ತು. ನಾನು ಓಡಲಿಲ್ಲ.

ಯುಗಾದಿಯ ಹೊತ್ತಿಗೆ ಒಂದು ಕಾರ್ಡು ಬಂತು. ತಂಗಿಯ ಮನೆಯಲ್ಲಿದ್ದೇನೆ, ಆರಾಮಿದ್ದೇನೆ, ಮಕ್ಕಳ ಓದು ಬಿಡಿಸಬೇಡ, ನಿನಗೆ ಬರುವಷ್ಟನ್ನು ನೀನೇ ಕಲಿಸು ಎಂದು ಬರೆದಿದ್ದರು. ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಕ್ಷಮೆ ಕೇಳುವ ಮಾತು ಹೇಗೆ ಶುರುಮಾಡಬೇಕೋ ತಿಳಿಯಲಿಲ್ಲ, ಎದ್ದೆ. ಮಕ್ಕಳಿಗೂ ಕಲಿಸಲಿಲ್ಲ. ಆ ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡರೆ ಅವರು ಕೂರುತ್ತಿದ್ದ ಕಡೆಯೇ ನಾನೂ ಕೂರಬೇಕಿತ್ತು, ಆಗಲಿಲ್ಲ. ನನ್ನ ಮಗ ಕಲಿತ ಕಾಗುಣಿತವನ್ನೂ ಎರಡು ವರ್ಷದಲ್ಲಿ ಮರೆತ. ಸಾರನಾಥದವನು ಮತ್ತೆ ನಮ್ಮ ಓಣಿಗೆ ಕಾಲಿಡಲಿಲ್ಲ. ನಾನೂ ಹುಡುಕಿಕೊಂಡು ಹೋಗಲಿಲ್ಲ. ಹತ್ತು ಕಿಲೋಮೀಟರು, ಬೇಕಾದಷ್ಟು ಬಸ್ಸುಗಳಿದ್ದವು. ಹಲವು ವರ್ಷದ ಮೇಲೆ ಮಾಸ್ತರ ಊರಿನ ಯಾತ್ರಿಕರೊಬ್ಬರು ಊಟ ಮಾಡುತ್ತ, ಅವರು ತೀರಿಹೋಗಿ ಬಹಳ ದಿನವಾಯಿತು, ಕಾಶಿಯಲ್ಲಿ ದೇವರ ಹೆಸರು ಒರೆಸಿ ಬಂದವರು ಎಂದು ಊರಲ್ಲೂ ಜನ ಆಡಿಕೊಳ್ಳುತ್ತಿದ್ದರು ಎಂದರು. ಆಗಲೂ ನಾನು, ಇನ್ನೊಂದು ಸೌಟು ಸಾರು ಹಾಕಲೇ ಎಂದು ಕೇಳಿದೆ. ನನ್ನ ಹೆಂಡತಿಯೂ ಇದನ್ನು ತಿಳಿಯದೆಯೇ ಹೋದಳು.

ಫಲಕ ತೂಗುಹಾಕಿದ ದಿನ ಸಂಜೆ ಮೊಮ್ಮಗಳು ಚಹಾ ತಂದು ಪಕ್ಕದಲ್ಲಿ ಕೂತಳು. ಊಟ ಯಾಕೆ ಬಿಟ್ಟೆ ಎಂದು ಕೇಳಿದಳು. ಮಾತು ಮರೆಸಲಿಕ್ಕೆಂದು, ಮೊದಲ ಪುಟದಲ್ಲಿ ದೇವರ ಹೆಸರು ಇರಬೇಕೋ ಬೇಡವೋ ಎಂದು ಓಟು ಹಾಕಿದ ಕಥೆ ಹೇಳಿದೆ. ಅವಳು ಬೆರಗಾದಳು.

“ಅಜ್ಜಾ, ಇದು ನಮಗ ಲಾ ಕಾಲೇಜಿನ್ಯಾಗ ಪಢಾಯಿಸಿದ್ರು. ನಿನಗ ಹೆಂಗ ಗೊತ್ತು?”

ಒಬ್ಬ ಮಾಸ್ತರು ಹೇಳಿದ್ದರು ಎಂದೆ. ಅಲ್ಲಿಂದ ಅವಳು ಬಿಡಲಿಲ್ಲ. ವಕೀಲಳಲ್ಲವೇ, ಒಂದರ ಹಿಂದೆ ಒಂದು. ಅಪ್ಪನೂ ಅವರ ಹತ್ತಿರ ಕಲಿಯುತ್ತಿದ್ದರೇ? ಮತ್ತೆ ಅಪ್ಪನಿಗೆ ಯಾಕೆ ಓದಲು ಬರುವುದಿಲ್ಲ? ಕ್ಲಾಸು ನಿಂತಿತು ಎಂದೆ. “ಯಾಕ ನಿಂತಿತು? ಕೋಯೀ ರೀಸನ್ ಇರಬೇಕಲ್ಲ. ಯಾರು ನಿಲ್ಲಿಸಿದ್ರು ಅಜ್ಜಾ?” ನಾನು ಚಹಾ ಕುಡಿಯುತ್ತ ಕೂತೆ. ಭಾನುವಾರ ಕೋರ್ಟಿರುವುದಿಲ್ಲ, ಅವತ್ತು ಎಲ್ಲ ಹೇಳುತ್ತೇನೆ ಎಂದೆ. ಬಾಯಲ್ಲಿ ಹೇಳಲು ಕೂತರೆ ನನ್ನ ನಾಲಿಗೆಯ ಮೇಲೆ ನನಗೆ ನಂಬಿಕೆ ಇಲ್ಲ. ಅದಕ್ಕೇ ಈ ನಾಲ್ಕು ದಿನ ಕೂತು ಬರೆದಿಟ್ಟಿದ್ದೇನೆ.

ಬರೆದು ಮುಗಿಸಿದ ಮೇಲೆ ಕಾಗದ ಅವಳ ಕೈಗೆ ಕೊಡಲು ಹೋದೆ, ಆಗ ಹೊಳೆಯಿತು. ಅವಳಿಗೆ ಕನ್ನಡ ಓದಲು ಬಾರದು. ಅವಳಪ್ಪನಿಗೆ ಬಂದಿದ್ದರಲ್ಲವೇ ಅವಳಿಗೆ ಬರುವುದು. ನಾಳೆ ನಾನೇ ಎದುರು ಕೂರಿಸಿಕೊಂಡು ಓದಿ ಹೇಳಬೇಕು. ಮಾಸ್ತರ ಪೂಜೆ, ಬದನೆಕಾಯಿ, ಆ ಹುಡುಗಿಯ ಪ್ರಶ್ನೆ, ಎಲ್ಲ ಓದಬಲ್ಲೆ. ‘ನನಗೇನೂ ಗೊತ್ತಿಲ್ರಿ ಧಣಿ’ ಎಂದ ಕಡೆಗೆ ಬಂದಾಗ ಏನು ಮಾಡುತ್ತೇನೋ. ಆ ಒಂದು ಸಾಲು ಬಿಟ್ಟು ಮುಂದಕ್ಕೆ ಹೋದರೂ ನನ್ನ ಮೊಮ್ಮಗಳಿಗೆ ಗೊತ್ತಾಗುವುದಿಲ್ಲ.